ಡಿಕ್ಕಿಯೊಳಗೆ ಅವ್ವ

೧೭ ಜೂನ್ ೧೯೪೩, ಗುರುವಾರ. ಸಂಜೆ

ಮತ್ತೆ ಒದ್ದೆ.

ಬೆಳಿಗ್ಗೆ ದವಾಖಾನೆಯ ರೌಂಡ್ ಮುಗಿಸಿ ಕೈ ತೊಳೆಯುತ್ತಿದ್ದೆ, ಅಮ್ಮಿನಭಾವಿಯಿಂದ ಹೆರಿಗೆಗೆ ಕರೆ ಬಂತು. ಮೋಟಾರು ಗಾಡಿ ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಳೆ. ಅಲ್ಲಿ ಮುಟ್ಟಿ ಡಿಕ್ಕಿ ತೆಗೆದರೆ ತಳದಲ್ಲಿ ನೀರು, ನೀರಿನಲ್ಲಿ ನನ್ನ ಡ್ರೆಸಿಂಗ್ ಡ್ರಮ್. ನಿನ್ನೆಯಷ್ಟೇ ಆವಿಯಲ್ಲಿ ಬೇಯಿಸಿ ತುಂಬಿಟ್ಟ ಬಟ್ಟೆ, ಹತ್ತಿ, ಗ್ಲೌಸು... ಎಲ್ಲ ತೊಯ್ದು ಮುದ್ದೆ. ತೊಯ್ದ ಮೇಲೆ ಮುಗಿಯಿತು, ಅದನ್ನು ಹೆರುವವಳಿಗೆ ಮುಟ್ಟಿಸುವಂತಿಲ್ಲ. ಅವರ ಹಂಡೆಯಲ್ಲೇ ಮತ್ತೆ ಕುದಿಸಲು ಇಟ್ಟೆ. ಒಳಗೆ ಆ ಹುಡುಗಿ ಚೀರುತ್ತಿದ್ದಾಳೆ, ನಾನು ಒಲೆ ಊದುತ್ತ ಕೂತಿದ್ದೇನೆ.

ತಾಯಿ, ಕೂಸು ಇಬ್ಬರೂ ಉಳಿದರು. ದೇವರು ದೊಡ್ಡವನು. ಆದರೆ ಪ್ರತಿ ಸಲ ಅವನ ಮೇಲೇ ಭಾರ ಹಾಕಲಾಗದು.

ಡ್ರಮ್ಮನ್ನು ಹಿಂದಿನ ಸೀಟಿನ ಮೇಲೆ ಇಡೋಣವೆಂದರೆ ಅಲ್ಲಿ ಕರೆಯಲು ಬಂದವರು ಕೂರುತ್ತಾರೆ, ತಿರುಗಿ ಬರುವಾಗ ಒಮ್ಮೊಮ್ಮೆ ರೋಗಿಯೇ ಮಲಗಿರುತ್ತಾಳೆ. ಡಿಕ್ಕಿಯೇ ಗತಿ.

೧೯ ಜೂನ್, ಶನಿವಾರ

ಊಟದ ಹೊತ್ತಿನಲ್ಲಿ ಅಣ್ಣ ವಿಷಯ ತೆಗೆದ. ಅಪ್ಪ ತೀರಿಕೊಂಡ ಮೇಲೆ ಗಾಡಿ ಅಣ್ಣನ ಹೆಸರಿಗಿದೆ. ಓಡಿಸುವವಳು ಮಾತ್ರ ನಾನು. ಅಪ್ಪನೇ ಕಲಿಸಿದ್ದು.

"ಮೃಣಾ, ಗಾಡಿ ಕೊಟ್ಟುಬಿಡೂಣು. ಹುಬ್ಬಳ್ಳಿ ಹತ್ತಿ ವ್ಯಾಪಾರಿ ಗುರುಸಿದ್ದಯ್ಯನವರು ಕೇಳ್ಲಿಕತ್ತಾರ."

"ಮತ್ತ ನಾ ಹಳ್ಳಿಗೆ ಹೆಂಗ ಹೋಗ್ಲಿ?"

"ಟಾಂಗಾದಾಗ. ನೀ ಒಬ್ಬಾಕಿನ ಗಾಡಿ ಹೊಡಕೊಂಡು ಹೊಂಟರ ಕೋರ್ಟಿನ್ಯಾಗ ವಕೀಲರೆಲ್ಲಾ ನನ್ನ ಮಾರಿ ನೋಡ್ತಾರ. ಮ್ಯಾಲೆ ಸಾಮಾನೂ ತೊಯ್ಸತದ. ಅದರಿಂದೇನು ಉಪಯೋಗ ಹೇಳು?"

"ಸೋರೂದು ನಿಂತರ?"

ಅಣ್ಣ ನಕ್ಕ. "ಯುದ್ಧ ನಡದದ. ರಬ್ಬರ್ ಎಲ್ಲಿಂದ ತರ್ತಿ? ಮೊದಲು ನಿಲ್ಲಿಸಿ ತೋರ್ಸು."

ಅವ್ವ ಮಜ್ಜಿಗೆ ಬಡಿಸುತ್ತಿದ್ದವಳು ಅಣ್ಣನಿಗೆ ಎರಡನೆಯ ಸಲ ಬಡಿಸದೆ ಮುಂದೆ ಹೋದಳು.

ನಿಲ್ಲಿಸಿ ತೋರಿಸುತ್ತೇನೆ.

೨೨ ಜೂನ್, ಮಂಗಳವಾರ

ಹುಬ್ಬಳ್ಳಿ. ಯಾಕೂಬಸಾಬರ ಗ್ಯಾರೇಜು. ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡುವವರು. ಡಿಕ್ಕಿಯ ಬಾಗಿಲಿನ ಸುತ್ತ ಬೆರಳಾಡಿಸಿದರು. ರಬ್ಬರ್ ಪಟ್ಟಿ ಹಪ್ಪಳದಂತೆ ಮುರಿದು ಕೈಗೆ ಬಂತು.

"ಸತ್ತು ಹೋಗೇತ್ರಿ ಬಾಯಾರ. ಹೊಸಾದು ಎಲ್ಲೂ ಸಿಗಾಂಗಿಲ್ಲ. ಇದ್ದಬದ್ದ ರಬ್ಬರೆಲ್ಲಾ ಪಲ್ಟನ್ನಿಗೆ ಹೊಂಟೈತಿ."

"ಹಂಗಾದ್ರ?"

"ತಳಕ್ಕ ಒಂದು ತೂತು ಹೊಡೀತೇನ್ರಿ. ಬಂದ ನೀರು ಹಂಗ ಹೋಗ್ಲಿ. ನೀರಿನ ಜೋಡಿ ಜಗಳಾ ಯಾಕ?"

ಹೊಡೆಸಿಕೊಂಡು ಬಂದೆ. ಮನಸ್ಸಿಗೆ ಸಮಾಧಾನವಿಲ್ಲ.

೨೪ ಜೂನ್, ಗುರುವಾರ

ಮೇಲಿನಿಂದ ಮಳೆ, ತೂತಿನಿಂದ ಕೆಸರು. ಡ್ರಮ್ಮಿನ ಮೇಲೆ ರಸ್ತೆಯ ಕೆಂಪು ರಾಡಿ. ಔಷಧದ ಸೀಸೆಯ ಬೂಚು ಜಡಿದು ತೂತು ಮುಚ್ಚಿದೆ.

ಯಾಕೂಬಸಾಬರು ನೀರಿನ ಜೊತೆ ಜಗಳ ಬೇಡ ಎಂದರು. ನನಗೆ ಬೇಕು.

೨೭ ಜೂನ್, ರವಿವಾರ

ರಬ್ಬರ್ ಸಿಗುವುದಿಲ್ಲವಂತೆ. ದವಾಖಾನೆಯಲ್ಲೇ ಇದೆಯಲ್ಲ! ಹರಿದು ಕಸಕ್ಕೆ ಹೊರಟಿದ್ದ ಮ್ಯಾಕಿಂಟಾಷ್ ರಬ್ಬರ್ ಹಾಸು, ಬಿರುಕು ಬಿಟ್ಟ ಎನಿಮಾ ನಳಿಕೆಗಳು — ಕೇಳಿಯೇ ತಂದೆ. ನಳಿಕೆಯನ್ನು ಉದ್ದಕ್ಕೆ ಜೋಡಿಸಿ, ಮೇಲೆ ಹಾಸಿನ ಪಟ್ಟಿ ಸುತ್ತಿ, ಬಾಗಿದ ಸೂಜಿ, ರೇಷ್ಮೆ ದಾರ ಹಿಡಿದು ಕೂತೆ. ಆಪರೇಶನ್ನಿನಲ್ಲಿ ಹೇಗೋ ಹಾಗೆಯೇ. ಒಂದೊಂದು ಹೊಲಿಗೆಗೂ ಬೇರೆ ಗಂಟು. ಒಂದು ಹರಿದರೂ ಉಳಿದವು ಬಿಡಬಾರದು.

ಅವ್ವ ಹತ್ತಿರ ಕೂತು ನೋಡಿದಳು. "ಅಯ್ಯ, ಇಷ್ಟು ಸಣ್ಣ ಹೊಲಿಗಿ! ಮಂದಿ ಹೊಟ್ಟಿನೂ ಹಿಂಗ ಹೊಲಿತೀಯೇನು?"

"ಇದಕ್ಕಿಂತಾ ಛಲೋ ಹೊಲಿತೇನಿ."

"ನಿನ್ನ ಅಪ್ಪಗ ತೋರಿಸಬೇಕಿತ್ತು" ಎಂದಳು. ಎದ್ದು ಒಳಗೆ ಹೋದಳು.

ಅಂಟು ಹಚ್ಚಿ ಬಾಗಿಲಿಗೆ ಕೂರಿಸಿದೆ. ಮುಚ್ಚಿದರೆ "ಧಪ್" ಅನ್ನುವ ಮೆತ್ತನೆಯ ಸದ್ದು. ಸುಮ್ಮನೆ ಮತ್ತೆ ಮತ್ತೆ ತೆಗೆದು ಮುಚ್ಚಿದೆ.

೨ ಜುಲೈ, ಶುಕ್ರವಾರ

ಹೆಬ್ಬಳ್ಳಿಯಿಂದ ಈರವ್ವ ತೋರಿಸಿಕೊಳ್ಳಲು ಬಂದಿದ್ದಳು, ಜೊತೆಗೆ ಅತ್ತೆ ಶಿವಬಸವ್ವ. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿದೆ. ಈ ಸಲ ಕೂಸು ತಲೆ ಮೇಲೆ, ಕಾಲು ಕೆಳಗೆ. ದಿನ ತುಂಬುವ ಮೊದಲೇ ದವಾಖಾನೆಗೆ ಬಂದಿರಲಿ ಎಂದೆ. ಶಿವಬಸವ್ವ ಒಪ್ಪಲಿಲ್ಲ.

"ಬಿತ್ತಿಗಿ ದಿನಾರೀ ಬಾಯಾರ. ಮನಿ ಬಿಟ್ಟು ಬರಾಕಾಗೂದಿಲ್ಲ. ನೀವ ಬರ್ರಿ. ಎಂಥಾ ಮಳಿ ಇದ್ರೂ ಬರ್ತೀನಂತ ಹೇಳ್ರಿ."

ಈರವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬರ್ತೇನಿ" ಎಂದೆ.

ಸಂಜೆ ಮಳೆಯಲ್ಲಿ ಮನೆಗೆ ಬಂದು ಡಿಕ್ಕಿ ತೆಗೆದೆ. ನೀರು! ಮೊದಲಿಗಿಂತ ಕಡಿಮೆ, ಆದರೆ ಇದೆ. ನನ್ನ ಹೊಲಿಗೆಯ ಪಟ್ಟಿ ಒಳಬದಿಯಲ್ಲಿ ಒಣಗಿಯೇ ಇದೆ. ಹಾಗಾದರೆ ಎಲ್ಲಿಂದ?

ಗುರುಸಿದ್ದಯ್ಯನವರು ಹನ್ನೆರಡನೆಯ ತಾರೀಖು ಗಾಡಿ ನೋಡಲು ಬರುತ್ತಾರಂತೆ. ಅಣ್ಣ ಹೇಳಿದ.

೪ ಜುಲೈ, ರವಿವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಡಿಕ್ಕಿ ಒರೆಸಿ ಒಣಗಿಸಿ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಹೊರಮೈಗೆ ನೀರು ಸುರಿದೆ. ತೆಗೆದು ನೋಡುವಷ್ಟರಲ್ಲಿ ನೀರು ತಳಕ್ಕೆ ಹರಿದಿರುತ್ತದೆ, ಬಂದ ದಾರಿ ತಿಳಿಯುವುದಿಲ್ಲ. ಒಳಗೆ ಯಾರಾದರೂ ಕೂತು ನೋಡಬೇಕು. ನಾನು ತೂರಿ ನೋಡಿದೆ — ಭುಜ ಹಿಡಿಯಲಿಲ್ಲ.

"ಸರಿ ಆಚೆ. ನಾ ಕೂಡ್ತೇನಿ."

ಅವ್ವ. ಸೆರಗು ಕಟ್ಟಿ ಸಿದ್ಧವಾಗಿ ನಿಂತಿದ್ದಾಳೆ.

"ಅವ್ವಾ, ಹುಚ್ಚೇನು? ಉಸಿರು ಕಟ್ತದ."

"ನೀ ಬಾಗಿಲಾ ತಗದರ ಕಟ್ಟೂದಿಲ್ಲ. ಮಡಿ ಪೆಟಗಿಗಿಂತಾ ದೊಡ್ಡದದ ಇದು."

ನನ್ನ ಅವ್ವ ಕಾಶೀಬಾಯಿ, ಹಿಡಿ ಗಾತ್ರದವಳು. ಕಾಲು ಮಡಚಿ, ಬ್ಯಾಟರಿ ದೀಪ ಹಿಡಿದು ಮಲಗಿದಳು. ಕಂಡ ಕೂಡಲೇ ಬಡಿಯಬೇಕು ಎಂದು ಮಾತಾಯಿತು. ಮುಚ್ಚಲು ಹಿಂದೆಮುಂದೆ ನೋಡಿದೆ, ಒಳಗಿನಿಂದ ಅವಳೇ ಗದರಿದಳು: "ಹಾಕು ಲಗೂ!"

ಕೆಳಗಿನಿಂದ ಶುರು ಮಾಡಿದೆ. ಮೊದಲು ಬಾಗಿಲಿನ ಅಂಚು. "ಏನೂ ಇಲ್ಲ. ನಿನ್ನ ಹೊಲಿಗಿ ಗಟ್ಟಿ ಅದ." ಹಿಂದಿನ ದೀಪದ ಹತ್ತಿರ. "ಇಲ್ಲ." ಬಾಗಿಲು ತೆಗೆದು ಗಾಳಿ ಆಡಿಸಿ, ಮತ್ತೆ ಮುಚ್ಚಿದೆ. ಇನ್ನೂ ಮೇಲೆ, ಹಿಂದಿನ ಗಾಜಿನ ಮೇಲೆ ಸುರಿದೆ. ಡಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡೇ ಸುರಿದದ್ದು.

ಒಳಗಿನಿಂದ ಧಬಧಬ ಧಬಧಬ!

"ಬಂತು! ಬಂತು ಮೃಣಾ! ಎಡಕ್ಕ — ಅಲ್ಲ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕ — ಸೀಟಿನ ಹಿಂದಿನ ತಗಡಿನ ಮ್ಯಾಲಿಂದ ಹಾವು ಹರದ್ಹಂಗ ಇಳೀಲಿಕತ್ತದ!"

ಅದೇ ಹೊತ್ತಿಗೆ ಅಣ್ಣ ಕಕ್ಷಿದಾರನೊಬ್ಬನನ್ನು ಕಳಿಸಲು ಹೊರಗೆ ಬಂದ. ಗಾಡಿಯ ಹಿಂಬದಿಯಿಂದ ಹೆತ್ತ ತಾಯಿಯ ದನಿ! ಕಕ್ಷಿದಾರ ಎರಡು ಹೆಜ್ಜೆ ಹಿಂದೆ ಸರಿದ.

"ಅವ್ವ ಎಲ್ಲಿ?" ಅಣ್ಣ ಕೇಳಿದ.

ಬಾಗಿಲು ತೆಗೆದೆ. ಅವ್ವ ಎದ್ದು ಕೂತಳು. ಕೂದಲು ಕೆದರಿ, ಕೆನ್ನೆಯ ಮೇಲೆ ಗ್ರೀಸು. ರಾಣಿಯಂತಿದ್ದಳು.

"ಏನು ನೋಡ್ತಿ ಪಂಢರಿ? ಕೈ ಕೊಡು, ಇಳೀತೇನಿ. ಸಿಕ್ಕದ."

೫ ಜುಲೈ, ಸೋಮವಾರ

ಹಿಂದಿನ ಸೀಟು ಬಿಚ್ಚಿ ನೋಡಿದೆ. ಅವ್ವ ಹೇಳಿದ್ದು ಅಕ್ಷರಶಃ ಖರೆ. ಗಾಜಿನ ಕೆಳಮೂಲೆಯಲ್ಲಿ ಸಂದಿಗೆ ಮೆತ್ತಿದ್ದ ಹಳೆಯ ಪುಟ್ಟಿ ಬಿರಿದಿದೆ. ಅಲ್ಲಿ ನುಗ್ಗಿದ ನೀರು ತಗಡಿನ ಬೆನ್ನು ಹಿಡಿದು ಡಿಕ್ಕಿಗೆ ಇಳಿಯುತ್ತದೆ. ಬಂದ ಜಾಗ ಒಂದು, ನಿಂತ ಜಾಗ ಒಂದು. ಕಾಯಿಲೆ ಕಿಡ್ನಿಯಲ್ಲಿದ್ದಾಗ ಸೊಂಟಕ್ಕೆ ಎಣ್ಣೆ ತಿಕ್ಕಿದ ಹಾಗೆ ಮಾಡುತ್ತಿದ್ದೆನಲ್ಲ.

ಹಳೆಯದನ್ನೆಲ್ಲ ಕೆರೆದು ತೆಗೆದೆ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ಅವ್ವ ನಾದಿದಳು, ಹೋಳಿಗೆಯ ಕಣಕ ನಾದುವ ಹಾಗೆ. ಸ್ವಲ್ಪ ರಾಳ ಬೆರೆಸಿದೆವು. ತುಂಬಿ, ಒತ್ತಿ, ಬೆರಳಿನಿಂದ ನೀವಿದೆ. ಒಣಗಬೇಕು. ಈ ಹವೆಯಲ್ಲಿ ಯಾವಾಗಲೋ. ಗಾಡಿಯ ಮೇಲೆ ತಾಡಪತ್ರಿ ಹೊದಿಸಿದೆ.

೮ ಜುಲೈ, ಗುರುವಾರ

ಮೇಲೆ ಕೆನೆ ಕಟ್ಟಿದೆ. ಒತ್ತಿದರೆ ಒಳಗೆ ಇನ್ನೂ ಮೆತ್ತಗೆ. ಬಣ್ಣ ಬಳಿದೆ. ಮಳೆ ನಿಂತಿಲ್ಲ...

೧೦ ಜುಲೈ, ಶನಿವಾರ. ಸಂಜೆ

ಬೆಳಿಗ್ಗೆ ಈರವ್ವನ ಗಂಡ ಮೈಲಾರಪ್ಪ ಸೈಕಲ್ ಮೇಲೆ ಬಂದ. ತೊಯ್ದು ತೊಪ್ಪೆ. "ಬಾಯಾರ, ಬ್ಯಾನಿ ಚಾಲೂ ಆಗ್ಯಾವ್ರಿ."

ತಾಡಪತ್ರಿ ಎಳೆದೆ. ಡ್ರಮ್ ಇಟ್ಟೆ. ಆಕಾಶ ಹರಿದು ಬೀಳುವಂಥ ಮಳೆ. ಅವ್ವ ಅಣ್ಣನತ್ತ ತಿರುಗಿ, "ಹಳ್ಳ ಬಂದಿರಬೇಕು. ತಂಗಿ ಜೋಡಿ ಹೋಗು" ಎಂದಳು. ಕೋರ್ಟಿಗೆ ರಜೆ ಇರಲಿಲ್ಲ. ಮೈಲಾರಪ್ಪ ಹಿಂದೆ, ಅಣ್ಣ ಕರಿಕೋಟು ಹಾಕಿಕೊಂಡೇ ಪಕ್ಕದಲ್ಲಿ ಕೂತ. ಗಾಡಿ ಜಾರಿದಾಗಲೆಲ್ಲ ಬಾಗಿಲು ಹಿಡಿಯುತ್ತಿದ್ದ, ನಾನು ತಿರುಗಿಸಿ ಸರಿಪಡಿಸಿದಾಗಲೆಲ್ಲ ಬಿಡುತ್ತಿದ್ದ.

ಊರ ಹತ್ತಿರ ಎರೆಮಣ್ಣು. ಚಕ್ರ ಹೂತವು. ಮುಂದೆ ನಡೆಯಬೇಕು. ಡಿಕ್ಕಿಯ ಹಿಡಿಗೆ ಕೈ ಹಾಕಿದೆ — ಒಂದು ಕ್ಷಣ ತೆಗೆಯುವ ಧೈರ್ಯ ಬರಲಿಲ್ಲ. ಅಣ್ಣ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದ.

ತೆಗೆದೆ.

ತಳ ಒಣಗಿತ್ತು. ಹಾಸಿದ್ದ ಕಾಗದ ಒಣಗಿತ್ತು. ಮೂಲೆಗೆ ಕೈ ಹಾಕಿ ತಡವಿದೆ, ಧೂಳು ಹತ್ತಿತು. ಈ ಜನ್ಮದಲ್ಲಿ ಧೂಳು ಕಂಡು ಇಷ್ಟು ಸಂತೋಷಪಟ್ಟಿರಲಿಲ್ಲ.

ಅಣ್ಣನೂ ತಡವಿದ. ಕೋಟು ಬಿಚ್ಚಿ ಡ್ರಮ್ಮಿಗೆ ಸುತ್ತಿದ, ಅದನ್ನು ತಲೆಯ ಮೇಲೆ ಹೊತ್ತ. ಧಾರವಾಡದ ವಕೀಲ ಪಂಢರಿನಾಥರಾಯರು ಮೊಣಕಾಲುದ್ದ ಕೆಸರಿನಲ್ಲಿ ನನ್ನ ಹಿಂದೆ. ಅವರ ಹಿಂದೆ ಛತ್ರಿ ಹಿಡಿದು ಮೈಲಾರಪ್ಪ.

ಕೂಸಿನ ಕಾಲು ಆಗಲೇ ಬಂದಿತ್ತು. ಕುದಿಸಿ ಕೂರಲು ಹೊತ್ತೇ ಇಲ್ಲ. ಡ್ರಮ್ ತೆರೆದೆ, ಬಟ್ಟೆ ಗರಿಗರಿ. ಗ್ಲೌಸು ಹಾಕಿದೆ. ಮೈ ಬಂತು, ಕೈ ಬಂದವು, ತಲೆ ಮಾತ್ರ ಒಳಗೆ ನಿಂತಿತು. ಈರವ್ವ ನನ್ನ ಮುಖ ನೋಡುತ್ತಿದ್ದಳು. "ಇನ್ನೊಂದು ಸಲ, ನನ್ನವ್ವ, ಇನ್ನೊಂದ ಸಲ..." ಎಂದೆ. ಫೋರ್ಸೆಪ್ಸ್ ಹಾಕಿ ಮೆಲ್ಲಗೆ ಎತ್ತಿದೆ.

ನೀಲಿಯಾಗಿತ್ತು. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಉಸಿರು ಊದಿದೆ. ಶಿವಬಸವ್ವ ಗೋಡೆಗೆ ಹಣೆ ಹಚ್ಚಿ "ಶಿವನ, ಶಿವನ" ಅನ್ನುತ್ತಿದ್ದಳು. ಆಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ ಅಳು. ಓಣಿಗೆಲ್ಲ ಕೇಳುವಂಥ ಅಳು.

ಹೆಣ್ಣು ಕೂಸು. ಈರವ್ವ ಎರಡೂ ಕೈ ಚಾಚಿದಳು.

ಹೊರಗೆ ಬಂದರೆ ಅಣ್ಣ ಕಟ್ಟೆಯ ಮೇಲೆ, ಸುತ್ತ ಊರ ಜನ. "ಆಕಿ ನನ್ನ ತಂಗಿ" ಅನ್ನುತ್ತಿದ್ದ. "ಗಾಡಿ ತಾನ ಹೊಡಿತಾಳ. ಸೋರ್ತಿತ್ತು, ತಾನ ದುರಸ್ತಿ ಮಾಡಿದ್ಲು. ಹುಬ್ಬಳ್ಯಾಗ ಯಾರ ಕಡಿಂದನೂ ಆಗಿರಲಿಲ್ಲ." ನನ್ನನ್ನು ಕಂಡು ಎದ್ದು ನಿಂತ.

ಗಾಡಿಯನ್ನು ಎತ್ತು ಹೂಡಿ ಎಳೆದರು. ಸ್ಟೇರಿಂಗ್ ಹಿಡಿದಾಗ ಕೈ ಸೋತಿತ್ತು, ಎದೆ ಮಾತ್ರ ತುಂಬಿತ್ತು.

೧೨ ಜುಲೈ, ಸೋಮವಾರ

ಗುರುಸಿದ್ದಯ್ಯನವರು ಹೇಳಿದಂತೆ ಬಂದರು. ಗಾಡಿಯ ಸುತ್ತ ತಿರುಗಿದರು, ಡಿಕ್ಕಿ ತೆಗೆದು ಪಟ್ಟಿಯ ಹೊಲಿಗೆ ಸವರಿದರು.

"ಭಾರೀ ಕೆಲಸ ಐತಲ್ರಿ! ಯಾವ ಗ್ಯಾರೇಜಿನ್ಯಾಗ ಮಾಡಿಸೀರಿ?"

ಅಣ್ಣ ಬಾಯಿ ತೆಗೆಯುವ ಮೊದಲೇ ಅವ್ವ ಒಳಗಿನಿಂದ ಕೂಗಿದಳು: "ನಮ್ಮನ್ಯಾಗ ರೀ!"

"ಹಂಗಾದ್ರ ಮಾತು ಮುಗಿಸೂಣೇನ್ರಿ ವಕೀಲರ?"

"ತಪ್ಪು ತಿಳೀಬ್ಯಾಡ್ರಿ" ಅಣ್ಣ ಅಂದ. "ಗಾಡಿ ಕೊಡೂದಿಲ್ಲ. ನಮ್ಮ ಡಾಕ್ಟರಿಗೆ ಬೇಕಾಗ್ಯದ."

ನಮ್ಮ ಡಾಕ್ಟರ್! ಇಷ್ಟು ವರ್ಷದಲ್ಲಿ ಮೊದಲ ಸಲ. ಚಹಾ ತರುವ ನೆವದಲ್ಲಿ ಒಳಗೆ ಓಡಿದೆ. ಅವ್ವ ಅಲ್ಲೇ ನಿಂತಿದ್ದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

೧೮ ಜುಲೈ, ರವಿವಾರ. ಬೆಳಿಗ್ಗೆ

ನಮ್ಮ ಮಾಳಮಡ್ಡಿಯ ಓಣಿಗಳಲ್ಲಿ ಈಗ ಅವ್ವನ ಡಿಕ್ಕಿ ಪುರಾಣ ಕೇಳದವರಿಲ್ಲ. ಅರಿಷಿಣ ಕುಟ್ಟಲು ಬಂದವರಿಗೆ, ಹೂ ಕೊಡಲು ಬಂದವರಿಗೆ, ಮಠದ ಆಚಾರ್ಯರಿಗೆ ಸಹ. ನಿನ್ನೆ ಹೇಳಿದ್ದರಲ್ಲಿ ನೀರು ಅವಳ ಕುತ್ತಿಗೆಯವರೆಗೆ ಬಂದಿತ್ತು. ತಿದ್ದಲಿಲ್ಲ.

ಇಂದು ತಿಂಡಿಯ ಹೊತ್ತಿಗೆ ತಾನಾಗಿಯೇ ಅಂದಳು: "ಹಿಂದ ಮಲಗಿ ನೋಡಿದ್ದಾತು. ಮುಂದ ಕೂತರ ಹೆಂಗಿರ್ತದ ನೋಡಬೇಕು."

"ಬಾ, ಕೂಡಿಸಿಕೊಂಡು ಕೆರಿ ತನಕಾ ಹೋಗಿಬರ್ತೇನಿ."

"ನಿನ್ನ ಬಾಜೂಕ ಅಲ್ಲ. ನೀ ತಿರಗಸೂ ಚಕ್ರ ಇರ್ತದಲ್ಲ, ಅದರ ಮುಂದ."

ಅಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾನು ಆಗಲಿ ಎಂದೆ, ಒಂದು ಪುಟ ಬರೆದು ಬರುತ್ತೇನೆ ಎಂದೆ. ಅವಳಿಗೆ ತಾಳ್ಮೆ ಎಲ್ಲಿಯದು. ಆಗಲೇ ಹೊರಗೆ ಹೋಗಿ ಕೂತಿದ್ದಾಳೆ. ಹಾರ್ನ್ ಒತ್ತುತ್ತಿದ್ದಾಳೆ. ಮತ್ತೆ ಒತ್ತಿದಳು. ಅಣ್ಣ "ಅವ್ವಾ, ಅದನ್ನ ಮುಟ್ಟಬ್ಯಾಡ!" ಎಂದು ಓಡಿದ ಸದ್ದು. ಎಂಜಿನ್ ಶುರುವಾಯಿತಲ್ಲ! ಕೀಲಿ ಯಾರು ಕೊ—