ಹಳೆಯದು ಹೌದು, ಪುರಾತನ ಅಲ್ಲ

ಸೇಡಂ
೧೪ ಫೆಬ್ರುವರಿ ೧೯೫೪

ಚಿ. ಸೌ. ಗುರುದೇವಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಶಹಾಬಾದದಿಂದ ನೀನು ಬರೆದ ಎರಡು ಪತ್ರಗಳಿಗೂ ಉತ್ತರಿಸದೆ ಕೂತವನನ್ನು ಕ್ಷಮಿಸು. ಈಚೆಗೆ ದಣಿವು ಎಂಬುದು ನೆಂಟನಂತೆ ಬಂದು ಒಕ್ಕರಿಸಿದೆ. ಏಳು ಎಂದರೆ ಇನ್ನೊಂದು ಕಪ್ ಚಹಾ ಕೇಳುತ್ತದೆ.

ಸುದ್ದಿ ನಮ್ಮ ಫೋರ್ಡ್ ಗಾಡಿಯದು. ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುವಲು ನನ್ನ ತೋಳಿನಲ್ಲಿ ಕಸುವಿಲ್ಲ. ಒಡೆದು ಕಬ್ಬಿಣ ಮಾಡಲು ವಾಡಿಯ ಗುಜರಿಯವನು ಕಾದಿದ್ದಾನೆ. ಹಾಗಾಗದಿರಲೆಂದು, ಹಳೆಯ ಮೋಟಾರುಗಳನ್ನು ಸಾಕುವ ಹೈದರಾಬಾದಿನ ವಕೀಲ ಬಸವಂತರಾಯರನ್ನು ಕರೆಸಿದ್ದೆ. ಅವರು 'ಪುರಾತನ' ಎಂದು ಒಪ್ಪಿದರೆ ಗಾಡಿ ಅವರ ಮನೆ ಸೇರಿ ಬದುಕುತ್ತಿತ್ತು.

ರಾಯರು ಹೆಣ್ಣು ನೋಡಲು ಬಂದವರಂತೆ ಸುತ್ತುಹಾಕಿದರು.

"ಬರೇ ವಯಸ್ಸಾದ್ರ ಸಾಲಂಗಿಲ್ರಿ, ಅಮೃತಪ್ಪನೋರ. ಹುಟ್ಟಿದಾಗಿನ ಸಾಮಾನೇ ಇರಬೇಕು. ಇಲ್ಲಿ ನೋಡಿದ್ರ ಸೀಟು ಊರ ಬಡಿಗ್ಯಾ ಮಾಡಿದ್ದು, ಕಾಲಿಡೋ ಜಾಗದಾಗ ಶಹಾಬಾದ ಫರಸಿ!"

"ಹಲಗಿ ಗೆದ್ದಲು ತಿಂತ್ರಿ. ಕಲ್ಲು ತಿನ್ನಂಗಿಲ್ಲ."

ಅವರು ನಗಲಿಲ್ಲ. ಆ ಕಾಯ್ದೆಯ ಪ್ರಕಾರ, ಹಲ್ಲು ಕಟ್ಟಿಸಿಕೊಂಡ ನಾನೂ ಬರೀ ಹಳಬ.

ಕೊನೆಗೆ ಮುಂದಿನ ದೀಪಗಳು. ಪ್ರತಿ ಸೋಮವಾರ ನಿನ್ನ ಅವ್ವ ಅವಕ್ಕೆ ವಿಭೂತಿ ಹಚ್ಚುವ ಮೊದಲು, ಪೂಜೆಯ ಸಾಮಾನಿನಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ನಿನಗೆ ಗೊತ್ತೇ ಇದೆ. ಬಿಳಿಯ ನಿಕಲ್ ಲೇಪವೆಲ್ಲ ಸವೆದು ಒಳಗಿನ ಹಿತ್ತಾಳೆ ಹಳದಿಯಾಗಿ ಹೊರಬಿದ್ದಿದೆ.

"ಬೆಳ್ಳನ ಹೊಳಪೆಲ್ಲ ತಿಕ್ಕಿ ತೆಗದೀರಲ್ರಿ, ತಾಯಿ!"

"ಏನ್ ಮಾತಾಡ್ತೀರಿ ಅಣ್ಣಾರ? ಬೆಳ್ಳಿ ಹಂಗ ಬೆಳ್ಳಗ ಹೊಳಿಲಿಕತ್ತಾವ, ನೋಡ್ರಿ!" ಎಂದು ಅವಳು ಜಗಳಕ್ಕೇ ನಿಂತಳು. ನಾನೂ ರಾಯರೂ ನಕ್ಕುಬಿಟ್ಟೆವು.

ಹಳೆಯದು ಹೌದು, ಪುರಾತನ ಅಲ್ಲ ಎಂದು ತೀರ್ಪಾಯಿತು. ರಾಯರು ಹುಗ್ಗಿ ಉಂಡು ರೈಲು ಹತ್ತಿದರು. ಗುಜರಿಯವನಿಗೆ ಬುಧವಾರ ಬಾ ಎಂದು ಹೇಳಿಕಳಿಸಿದ್ದೇನೆ. ಇನ್ನು ವಾದಿಸುವ ತ್ರಾಣವಿಲ್ಲ, ಮಗಳೆ.

ಅಳಿಯಂದಿರಿಗೆ ಕಲ್ಲಿನ ಧೂಳು ಕಡಿಮೆಯಾಗಿ ನಿದ್ದೆ ಹೆಚ್ಚಾಗಲಿ. ಬಸವಣ್ಣ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಪ್ಪ,
ಅಮೃತಪ್ಪ

ತಾ.ಕ.: ನಿನ್ನ ಅವ್ವನದು ಹಟವಾಗಿರಲಿಲ್ಲ. ರಾಯರು ಹೋದ ಮೇಲೆ ಒಂದೇ ಅಳತೆಯ ಹಿತ್ತಾಳೆಯ ಬಟ್ಟಲು, ಬೆಳ್ಳಿಯ ಬಟ್ಟಲು ಎರಡನ್ನೂ ಅವಳ ಮುಂದೆ ಹಿಡಿದೆ. ಕಣ್ಣಿಗೆ ತಿಳಿಯಲಿಲ್ಲ, ಬೆರಳಾಡಿಸಿ ಯಾವುದು ಯಾವುದೆಂದು ಹೇಳಿದಳು. "ಗುರುದೇವಿಗಿ ಬರೀಬ್ಯಾಡ್ರಿ, ಗಾಬರ್ಯಾಗ್ತಾಳ," ಎಂದಳು. ಗುಜರಿಯವನಿಗೆ ಗಾಡಿ ಕೊಟ್ಟರೂ ಆ ದೀಪಗಳನ್ನು ಕೊಡುವುದಿಲ್ಲ. ನೀನು ಬಂದಾಗ ಬಾಗಿಲಲ್ಲೇ ಮಾತಾಡು. ಅವಳು ನೋಡಿ ಗುರುತಿಸಲಿ ಎಂದು ಕಾಯಬೇಡ.