ಒಂದು ಕಾಲಂ ಕಡಿಮೆ

ಮಾಲೂರು,
12 ಏಪ್ರಿಲ್ 2025, ಶನಿವಾರ

ಪ್ರೀತಿಯ ಅನಿತಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಬಾವ ಹೇಗಿದ್ದಾರೆ? ಅಮ್ಮ ಚೆನ್ನಾಗಿದ್ದಾಳೆ, ಮೂರು ಹೊತ್ತೂ ನಿನ್ನದೇ ಜಪ. ಫೋನಿನಲ್ಲಿ ದೊಡ್ಡಪ್ಪನ ಹೆಸರೆತ್ತಿದರೆ ಕಟ್ ಮಾಡುತ್ತೀಯ, ಅದಕ್ಕೇ ಕಾಗದ. ಹರಿದುಹಾಕಬೇಡ ಕಣೇ, ಪೂರ್ತಿ ಓದು.

ಎಷ್ಟೋ ವರ್ಷಗಳ ಮೇಲೆ ಈ ಸಲ ನಮ್ಮ ಕುಲದ ದೀಪದ ಪೂಜೆ ನಡೆಯುತ್ತಿದೆ. ಆಹ್ವಾನಪತ್ರಿಕೆ ನನ್ನ ಪ್ರಿಂಟಿಂಗ್ ಅಂಗಡಿಯಲ್ಲೇ ಆಯಿತು. ಮನೆಗೊಂದು ಸಾಲು, ಕಾಲಮ್ಮಿಗೊಂದು ಹೆಸರು ಹಾಕಿ ಕಂಪ್ಯೂಟರಿಗೆ ಏರಿಸಿದೆ. ಲಕ್ಕೂರಿನವರದು ಮೂರೇ ಹೆಸರು, ಮಾಸ್ತಿಯವರದು ಹನ್ನೊಂದು. ಕೈಯಲ್ಲಿ ಕೂಡಿಸುತ್ತ ಕೂತರೆ ಇನ್ನೊಂದು ಯುಗಾದಿ ಬರುತ್ತದೆ! ಅದಕ್ಕೇ ಒಂದು ಕೋಡ್ ಬರೆದೆ. ಯಾವ ಸಾಲಿನಲ್ಲಿ ಎಷ್ಟು ಕಾಲಂ ತುಂಬಿದೆಯೋ ಎಣಿಸಿ, ಅಷ್ಟೂ ಹೆಸರನ್ನು ಕಾಮಾ ಹಾಕಿ ಪೋಣಿಸುತ್ತದೆ. ದೀಪ ಹೊರುವ ಮನೆಮಗಳು ಮೊದಲು, ಯಜಮಾನ ಕೊನೆಗೆ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ.

ಆಗ ಬಂದ ದೊಡ್ಡಪ್ಪ, ನಮ್ಮ ಮನೆಯ ಯಜಮಾನ ಚನ್ನರಾಯಪ್ಪ. ನಿನ್ನ ಹೆಸರು ಕಂಡದ್ದೇ ಹರಳೆಣ್ಣೆ ಕುಡಿದ ಮುಖ ಮಾಡಿದ. "ಜಾತಿ ಬಿಟ್ಟು ಹೋದೋಳು ದೀಪ ಹೊರ್ತಾಳಾ? ನಮ್ಮನೇದ್ರಲ್ಲಿ ಒಂದ್ ಕಾಲಂ ಕಡಿಮೆ ಮಾಡಮ್ಮ" ಅಂದ. ಅಮ್ಮನ ಎದುರಿಗೇ ಅಂದ. ನಿನ್ನ ಮದುವೆಯ ದಿನ ಅವಳನ್ನು ಒಳಗೆ ಕೂಡಿ ಬೀಗ ಹಾಕಿದವನೂ ಇವನೇ ಅಲ್ಲವೇ! "ಆಯ್ತು ದೊಡ್ಡಪ್ಪ, ನೀವು ಹೇಳ್ದಂಗೇ" ಅಂದೆ.

ಹೇಳಿದಂತೆಯೇ ಮಾಡಿದೆ. ನಮ್ಮ ಸಾಲಿಗೆ ಮಾತ್ರ ಒಂದು ಕಾಲಂ ಕಡಿಮೆ ತೆಗೆದುಕೊಳ್ಳುವಂತೆ ಕೋಡಿಗೆ ಒಂದು ಗೆರೆ ಸೇರಿಸಿದೆ. ಅದು ಮೊದಲಿನಿಂದ ಪೋಣಿಸುತ್ತ ಬಂದು ಕೊನೆಯ ಹೆಸರನ್ನು ಬಿಟ್ಟಿತು. ಕೊನೆಯಲ್ಲಿದ್ದವರು ಯಾರು ಹೇಳು! ಪ್ರೂಫ್ ಕೊಟ್ಟರೆ ಮಹಾನುಭಾವ ಮುಖಪುಟದ ತನ್ನ ಫೋಟೊ ಮಾತ್ರ ನೋಡಿ, "ಮೀಸೆ ಇನ್ನೊಂಚೂರು ಕಪ್ಪಗೆ ಮಾಡು" ಅಂದು ಸಹಿ ಹಾಕಿದ. ಕ್ಯಾಲನೂರಿನಿಂದ ಶ್ರೀನಿವಾಸಪುರದವರೆಗೆ ಕಾರ್ಡು ಹಂಚಿಯಾಯಿತು. ನಿನ್ನೆ ಯಾರೋ ಫೋನ್ ಮಾಡಿ, "ಏನ್ ಚನ್ನರಾಯಪ್ಪ, ನಿನ್ನನ್ನೇ ಕುಲದಿಂದ ತೆಗೆದ್ರಾ?" ಅಂದರಂತೆ. ಅಂಗಡಿಗೆ ಬಂದು ಕುಣಿದಾಡಿದ. "ನೀವೇ ಹೇಳಿದ್ದು, ನೀವೇ ಸಹಿ ಹಾಕಿದ್ದು" ಅಂದೆ. ಪಾಪ ಅಂತ ನನಗೆ ಒಂಚೂರೂ ಅನ್ನಿಸಲಿಲ್ಲ.

ಮಕ್ಕಳಿಗೆ ಮುತ್ತು, ಬಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ,
ಶ್ರೀವಾಣಿ

ಮರೆತಿದ್ದೆ: ಗುಡಿಯ ಮುಂದೆ ಪೂಜಾರಿ ಆವಲಪ್ಪ ಆ ಕಾರ್ಡು ನೋಡಿಯೇ ಹೆಸರು ಕೂಗುವುದು. ಯಾರ ಹೆಸರು ಕೂಗಿದರೋ ಅವಳು ದೀಪ ಎತ್ತುವವರೆಗೆ ಮುಂದಿನವರನ್ನು ಕರೆಯುವಂತಿಲ್ಲ. ನಮ್ಮ ಮನೆಯಲ್ಲಿ ಮೊದಲ ಹೆಸರು ನಿನ್ನದು. ಅಮ್ಮ ನಿನ್ನ ದೀಪದ ಹಣತೆ ತಟ್ಟಲು ತಂಬಿಟ್ಟಿನ ಹಿಟ್ಟು ಮಾಡಿಸಿಟ್ಟಿದ್ದಾಳೆ. ಬಾ ಅಕ್ಕಾ. ನೀನು ಬರುವವರೆಗೆ ಆ ದೊಡ್ಡಪ್ಪ ಎಲ್ಲರೆದುರು ಕಾಯುತ್ತ ನಿಲ್ಲಲಿ.