ಟೈಮ್‌ಔಟ್ ಆದಾಗ ಬಿಡದ ಲಾಕ್

ಜೂನ್ 3, ಸೋಮವಾರ
ಮತ್ತೆ ತಂಗಿ ಬರೆದ ಡ್ರೈವರ್ ಕೋಡ್. ಎರಡನೇ ಆವೃತ್ತಿ. ಬೋರ್ಡಿನ ಸೆನ್ಸರುಗಳೆಲ್ಲ ಮಾತಾಡುವುದು ಒಂದೇ ಬಸ್ಸಿನ ಮೇಲೆ, ಅಂದರೆ ಒಂದೇ ಜೋಡಿ ತಂತಿಯ ಮೇಲೆ. ಆ ಬಸ್ಸಿನ ಕಂಟ್ರೋಲರನ್ನು ನಡೆಸುವ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನೊಳಗಿನ ಕರ್ನೆಲ್ ಕೋಡ್ ಇದು. ಈ ತಿಂಗಳೊಳಗೆ ಮುಖ್ಯ ಕೋಡಿಗೆ ಮರ್ಜ್ ಆದರೆ ನಮ್ಮ ಆಫೀಸಿನಲ್ಲಿ ಅವಳ ಕೆಲಸ ಖಾಯಂ. ಇಲ್ಲದಿದ್ದರೆ ಮನೆಗೆ. ರಿವ್ಯೂ ನನ್ನದು. "ತಂಗಿ ಅಂತ ಸಡಿಲ ಬಿಡ್ಬೇಡಿ ಮೇಡಂ," ಎಂದರು ಮ್ಯಾನೇಜರ್. ನಾನಾ, ಬಿಡುವುದಾ?

ಉದ್ದಕ್ಕೂ ಕಾಮೆಂಟ್ ಹಾಕಿದೆ. ಸ್ಪೇಸು, ಟ್ಯಾಬು, ವೇರಿಯಬಲ್ ಹೆಸರು. ಎಲ್ಲಾ ಚಿಲ್ಲರೆ.

ನಿಜವಾದ ತಪ್ಪು ಒಂದೇ. ಸೆನ್ಸರ್ ಉತ್ತರ ಕೊಡದೆ ಟೈಮ್‌ಔಟ್ ಆದರೆ ಕೋಡ್ ಅಲ್ಲಿಂದಲೇ ವಾಪಸ್. ಒಂದು ಸಲಕ್ಕೆ ಒಬ್ಬರೇ ಬಸ್ ಬಳಸಲೆಂದು ಹಿಡಿದ ಲಾಕ್ ಬಿಡುವುದೇ ಇಲ್ಲ. ಒಳಗಿನಿಂದ ಚಿಲಕ ಹಾಕಿ ಕಿಟಕಿಯಿಂದ ಹಾರಿಹೋದ ಹಾಗೆ. ಆಮೇಲೆ ಬಂದವರೆಲ್ಲ ಬಾಗಿಲಲ್ಲೇ. ಇಡೀ ಬಸ್ ಹ್ಯಾಂಗ್.

ಅದನ್ನು ಬರೆಯಲಿಲ್ಲ. ಇರಲಿ, ಮೊದಲು ಸ್ವಲ್ಪ ಬೆವರಲಿ.

ಜೂನ್ 6
ಊಟದ ಹೊತ್ತು. ಅಮ್ಮನ ಶುರು: "ಸಣ್ಣೋಳಾದ್ರೂ ಎಷ್ಟು ಚುರುಕು ನೋಡು! ಇದೇ ಕೆಲ್ಸ ಕಲಿಯೋಕೆ ನಿನಗೆ ಎರಡು ವರ್ಷ ಹಿಡೀತು." ಅಮ್ಮನಿಗೆ ಕರ್ನೆಲ್ ಅಂದರೆ ಏನೂಂತಲೇ ಗೊತ್ತಿಲ್ಲ. ನಮ್ಮಿಬ್ಬರನ್ನು ತೂಗಿ ನೋಡುವುದು ಮಾತ್ರ ಚೆನ್ನಾಗಿ ಗೊತ್ತು.

"ಅಕ್ಕ, ಮೂರನೇದು ಕಳಿಸಿದೀನಿ. ದೊಡ್ಡ ತಪ್ಪೇನಾದ್ರೂ ಇದ್ರೆ ಈಗ್ಲೇ ಹೇಳಿಬಿಡೇ."

"ರಿವ್ಯೂನಲ್ಲಿ ಬರುತ್ತೆ. ಮನೇಲಿ ಆಫೀಸ್ ಮಾತು ಬೇಡ."

ಹೇಳಬಹುದಿತ್ತು. ನೀರು ಕುಡಿದು ಎದ್ದೆ.

ಜೂನ್ 13
ಐದನೆಯದು. ಕೋಡಿನೊಳಗೆ ಅವಳು ಬರೆದ ಒಂದು ಕಾಮೆಂಟಿಗೆ ಫುಲ್‌ಸ್ಟಾಪ್ ಇಲ್ಲ — ವಾಪಸ್. ಹೋದ ಸಲ ನಾನೇ ಸೇರಿಸು ಅಂದಿದ್ದ ಫಂಕ್ಷನ್ನನ್ನು ತೆಗೆ ಅಂದೆ. ಎಲ್ಲರೂ ನೋಡುವ ಮೇಲ್ ಥ್ರೆಡ್ಡಿನಲ್ಲೇ ಬರೆದೆ: "ಕಳಿಸುವ ಮುನ್ನ ಓದುವ ಅಭ್ಯಾಸ ಇದೆಯೇ?" ಟೆಸ್ಟಿಂಗ್‌ನವನು ಕಿಸಕ್ಕನೆ ನಕ್ಕ. ತಂಗಿಯ ಕಿವಿ ಕೆಂಪಾಯಿತು. ಹಾಯೆನಿಸಿತು. ಸುಳ್ಳೇಕೆ, ತುಂಬಾ ಹಾಯೆನಿಸಿತು.

ಜೂನ್ 14
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು ತಂಗಿ. ಆ ಸದ್ದಿಗೆ ನಮಗೆ ಕೇಳಿಸದು ಅಂದುಕೊಂಡಿದ್ದಾಳೆ, ಪೆದ್ದಿ. ಪಾಪ ಅನಿಸಿತು... ಲಾಕಿನ ವಿಷಯ ಹೇಳಲು ಹೋದೆ. ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಜೂನ್ 27
ಇವತ್ತು ತೋರಿಸಿಬಿಟ್ಟೆ. ಮೀಟಿಂಗಿನಲ್ಲಿ, ಮ್ಯಾನೇಜರ್ ಎದುರು. ಒಂಬತ್ತನೆಯ ಆವೃತ್ತಿ ಓಡುತ್ತಿರುವಾಗಲೇ ಸೆನ್ಸರಿನ ವೈರ್ ಕಿತ್ತೆ. ಬೋರ್ಡ್ ಹ್ಯಾಂಗ್.

"ಲಾಕ್ ಎಲ್ಲಿ ಬಿಡ್ತೀಯ, ತೋರ್ಸು."

ತಂಗಿ ಸ್ಕ್ರೀನಿನಲ್ಲಿ ಕೋಡನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. "ಬಿಟ್ಟಿಲ್ಲ..."

"ಒಂಬತ್ತನೇ ಸಲಕ್ಕೂ ಇದಾ?" ಎಂದರು ಮ್ಯಾನೇಜರ್. "ಮೇಡಂ, ಇನ್ನು ನೀವೇ ಮುಗಿಸಿ."

ಲಾಕ್ ಬಿಡುವ ಒಂದು ಸಾಲು ಸೇರಿಸಿದೆ. ಸಂಜೆಗೆ ಮರ್ಜ್, ನನ್ನ ಹೆಸರಲ್ಲಿ.

ಜೂನ್ 28
ಅವಳನ್ನು ಕೆಲಸದಿಂದ ತೆಗೆದರು. ಮನೆಯಲ್ಲಿ ಕಾಲು ಕೆರೆದು ಜಗಳಕ್ಕೆ ಬರುತ್ತಾಳೆ ಅಂತ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅಮ್ಮನಿಗೆ ಹೇಳುತ್ತಿದ್ದಳು: "ಅಕ್ಕಂದೇನೂ ತಪ್ಪಿಲ್ಲಮ್ಮ. ಪಾಪ, ಅಷ್ಟು ಸಲ ಕೂತು ತಿದ್ದಿದ್ಲು. ನನ್ನ ತಲೆಗೇ ಹತ್ತಲಿಲ್ಲ. ಈ ಕೆಲ್ಸ ನನಗಾಗಲ್ಲ, ಬಿಡು." ಮೈ ಉರಿಯಿತು. ಒಂದು ಸಲ ಬೈಯಬಾರದೇ, ಕಪಿ!

ಸಂಜೆ
ಬಾಗಿಲಲ್ಲಿ ನಿಂತಿದ್ದಾಳೆ. "ಅಕ್ಕ, ಬೇಜಾರು ಮಾಡ್ಕೋಬೇಡ. ಮೊದಲಿಂದ ಎಲ್ಲಾ ತೆಗೆದು ನೋಡ್ದೆ. ಆ ಲಾಕು ಶುರುವಿಂದ್ಲೂ ಹಾಗೇ ಇತ್ತು. ನಿನಗೆ ಯಾವ ಸಲ ಕಾಣಿಸ್ತು? ಸುಮ್ನೆ, ಕಲಿಯೋಕೆ ಕೇಳ್ತಿದೀನಿ."

ಮುಖದಲ್ಲಿ ಅನುಮಾನ ಚೂರೂ ಇಲ್ಲ. ಅದನ್ನೇ ನೋಡಲಾಗುತ್ತಿಲ್ಲ ನನಗೆ. ಇರು, ಬರೀತಿದೀನಿ ಅಂದೆ. ಇನ್ನೂ ನಿಂತೇ ಇದ್ದಾಳೆ. 'ಮೀಟಿಂಗಿನ ಹಿಂದಿನ ದಿನ ಕಾಣಿಸ್ತು' ಅಂದರೆ ನಂಬುತ್ತಾಳೆ. ನಾನು ಏನು ಹೇಳಿದರೂ ನಂಬುತ್ತಾ—